ಹೊಲದಾಚೆ ಹೊಡೆದ ಔಷಧ

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಸುಳ್ಳು ಹೇಳುವುದಿಲ್ಲ ಎಂದು ನಾನು ವ್ರತ ಹಿಡಿದಿದ್ದೇನೆ. ನನಗಾಗಿ ಬೇರೆಯವನೊಬ್ಬ ಸುಳ್ಳು ಹೇಳಿದರೆ ನನ್ನ ವ್ರತ ಕೆಡುತ್ತದೆಯೇ?"

"ಯಾಕೆ ಕೇಳುತ್ತೀ?"

"ಸುಮ್ಮನೆ, ತಿಳಿದುಕೊಳ್ಳೋಣವೆಂದು."

"ಸುಮ್ಮನೆ ಕೇಳುವವರು ಇಷ್ಟು ಬೆವರುವುದಿಲ್ಲ. ಇರಲಿ, ಕೂತುಕೋ" ಎಂದು ಗುರುಗಳು ಹೇಳತೊಡಗಿದರು.

ಒಬ್ಬ ರೈತ ಬದನೆ ಬೆಳೆಯುತ್ತಿದ್ದ. ತನ್ನ ಹೊಲಕ್ಕೆ ವಿಷ ಸೋಕಿಸುವುದಿಲ್ಲ ಎಂದು ಊರವರ ಮುಂದೆ ಮಾತು ಕೊಟ್ಟಿದ್ದ. ಆಮೇಲೆ ಅದನ್ನು ಸಂತೆಯಲ್ಲಿ ಹೇಳಿದ, ಮದುವೆ ಮನೆಗಳಲ್ಲಿ ಹೇಳಿದ, ಕೇಳದವರಿಗೂ ಹೇಳಿದ. ಆದರೆ ಮನುಷ್ಯ ಸೋಮಾರಿಯಲ್ಲ. ಅವನೂ ಹೆಂಡತಿಯೂ ಒಂಬತ್ತು ವರ್ಷ ಬಗ್ಗಿದ ಸೊಂಟ ಎತ್ತದೆ ಕಳೆ ಕಿತ್ತರು. ಕಿತ್ತದ್ದನ್ನು ಸಾಲುಗಳ ನಡುವೆ ಹಾಸಿದರು. ವರ್ಷ ವರ್ಷವೂ ಕೊಟ್ಟಿಗೆ ಗೊಬ್ಬರ ಹಾಕಿದರು. ಹೆಂಟೆ ಹೆಂಟೆಯಾಗಿದ್ದ ಮಣ್ಣು ಹಿಡಿದರೆ ಪುಡಿಯಾಗುವಂತಾಯಿತು, ಎರೆಹುಳು ತುಂಬಿಕೊಂಡವು. ಅವರು ಗಳಿಸಿದ್ದೆಲ್ಲ ಆ ಮಣ್ಣಿನಲ್ಲೇ ಇತ್ತು.

ಹೊಲದಾಚೆ ಅವನ ಹಸುಗಳಿಗೆಂದು ಒಂದು ಹುಲ್ಲುಗಾವಲಿತ್ತು. ಒಂದು ವರ್ಷ ಅಲ್ಲಿ ಪಾರ್ಥೇನಿಯಂ ಎದ್ದು ಹುಲ್ಲನ್ನೇ ಮುಚ್ಚಿಬಿಟ್ಟಿತು. ಅದನ್ನೂ ಕೈಯಲ್ಲೇ ಕೀಳುವಷ್ಟು ತಾಳ್ಮೆ ರೈತನಿಗೆ ಉಳಿದಿರಲಿಲ್ಲ. ಹುಲ್ಲನ್ನು ಬಿಟ್ಟು ಅಗಲ ಎಲೆಯ ಗಿಡಗಳನ್ನಷ್ಟೇ ಸಾಯಿಸುವ ಔಷಧ ಇದೆಯೆಂದು ಕೇಳಿದ್ದ. ಔಷಧ ಹೊಡೆಯುವ ಆಳನ್ನು ಕರೆಸಿದ.

"ನಾನು ವಿಷ ಮುಟ್ಟಲ್ಲ ಅಂತ ಮಾತು ಕೊಟ್ಟಿದ್ದೀನಿ. ನೀನೇ ತಂದು ನೀನೇ ಹೊಡಿ. ನಾನು ಆ ಕಡೆ ತಲೆನೂ ಹಾಕಲ್ಲ."

"ನಿಮ್ಮ ಹೊಲಕ್ಕೆ ಒಂದು ಹನಿನೂ ಬೀಳಲ್ಲ ಬಿಡಿ, ಯಜಮಾನ್ರೇ" ಎಂದ ಆಳು. ನಿಜಕ್ಕೂ ಒಂದು ಹನಿಯೂ ಬೀಳಲಿಲ್ಲ.

ಕಳೆ ಸತ್ತಿತು, ಹುಲ್ಲು ಹಸಿರಾಗಿಯೇ ಉಳಿಯಿತು. ಹಸುಗಳು ಅದನ್ನು ಮೇಯ್ದವು. ಅವಕ್ಕೇನೂ ಆಗಲಿಲ್ಲ. ಸಗಣಿ ತಿಪ್ಪೆ ಸೇರಿತು. ಮರುವರ್ಷ ರೈತ ಎಂದಿನಂತೆ ಆ ಗೊಬ್ಬರವನ್ನು ಹೊಲಕ್ಕೆ ಹರಡಿ ಬದನೆ ಸಸಿ ನೆಟ್ಟ.

ಎರಡೇ ವಾರದಲ್ಲಿ ಎಲೆಗಳು ಮುದುಡಿದವು, ಕುಡಿಗಳು ತಿರುಚಿಕೊಂಡವು. ರೈತ ದಂಗಾಗಿಹೋದ. ಒಂಬತ್ತು ವರ್ಷದಲ್ಲಿ ಇಂಥದ್ದನ್ನು ಕಂಡಿರಲಿಲ್ಲ. ಪಕ್ಕದ ಮೆಕ್ಕೆಜೋಳದವನು ಹೊಡೆದ ಔಷಧವೇ ಗಾಳಿಯಲ್ಲಿ ಬಂದಿರಬೇಕು ಎಂದುಕೊಂಡು ಅವನ ಮನೆ ಬಾಗಿಲಿಗೆ ಹೋಗಿ ಬಾಯಿಗೆ ಬಂದಂತೆ ಬೈದ. ಆ ಬಡಪಾಯಿ ಮಕ್ಕಳ ಮೇಲೆ ಆಣೆ ಇಟ್ಟರೂ ಕೇಳಲಿಲ್ಲ.

"ವಿಷ ಹಾಕೋ ಕೈ ನಿಂದು, ಸಾಯೋದು ನನ್ನ ಮಣ್ಣು!" ಎಂದು ಊರಿಗೆಲ್ಲ ಕೇಳುವಂತೆ ಕೂಗಿ ಹೊಲಕ್ಕೆ ಮರಳಿದ.

ಹೆಂಡತಿ ಹೊಲದ ಕೊನೆಯಲ್ಲಿ ನಿಂತಿದ್ದಳು. ಅಲ್ಲಿ ಎರಡು ಸಾಲು ಗಿಡಗಳು ಚೆನ್ನಾಗಿ ಚಿಗುರಿದ್ದವು. ಮೆಕ್ಕೆಜೋಳದ ಹೊಲಕ್ಕೆ ಅವೇ ಎಲ್ಲಕ್ಕಿಂತ ಹತ್ತಿರದ ಸಾಲುಗಳು.

"ಈ ಎರಡು ಸಾಲಿಗೆ ಗೊಬ್ಬರ ಸಾಲಲಿಲ್ಲ" ಎಂದಳು ಅವಳು. "ಗೊಬ್ಬರ ಬಿದ್ದ ಕಡೆ ಒಂದು ಗಿಡನೂ ಉಳಿದಿಲ್ಲ. ನಮ್ಮ ಹಸುಗಳು ಏನು ತಿಂದ್ವು ರೀ?"

ರೈತ ಹುಲ್ಲುಗಾವಲಿನ ಕಡೆ ತಿರುಗಿ ನೋಡಿದ. ಅಲ್ಲೇ ಕೂತು ಒಂದು ಹಿಡಿ ಮಣ್ಣು ಎತ್ತಿಕೊಂಡ. ಅದು ಎಂದಿನಂತೆ ಮೆತ್ತಗೆ, ಎಂದಿನಂತೆ ಕಪ್ಪಗೆ ಇತ್ತು. ಗೊಬ್ಬರವನ್ನು ಬುಟ್ಟಿ ಬುಟ್ಟಿಯಾಗಿ ಹೊತ್ತು ತಂದು, ತಿಪ್ಪೆ ಖಾಲಿಯಾಗುವವರೆಗೂ ಹರಡಿದವನು ತಾನೇ. ಈ ಮಣ್ಣು ಇನ್ನು ಯಾವಾಗ ಸರಿಹೋಗುತ್ತದೆ ಎಂದು ಹೆಂಡತಿ ಕೇಳಿದಳು.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು.

"ಅಯ್ಯೋ, ಎಂಥ ಅನ್ಯಾಯ! ಪಾಪ, ಅವನು ಕೈಯಿಂದ ಮುಟ್ಟಿಯೂ ಇರಲಿಲ್ಲವಲ್ಲ" ಎಂದ ಶಿಷ್ಯ.

ಗುರುಗಳು ಅವನ ಮುಖವನ್ನೇ ನೋಡುತ್ತ ಕೇಳಿದರು: "ನಿನ್ನ ಸುಳ್ಳು ಹೇಳುವುದಕ್ಕೆ ಯಾರನ್ನು ಕಳಿಸಿ ಇಲ್ಲಿಗೆ ಬಂದೆ?"