ಕ್ರೋಟನ್ ಗಿಡದ ಮೇಲೆ ಇಟ್ಟ ಮೊಟ್ಟೆ

ಮಕ್ಕಳೇ, ಒಂದು ದೊಡ್ಡ ಅಪಾರ್ಟ್‌ಮೆಂಟು. ನಾಲ್ಕೂ ಕಡೆ ಎತ್ತರದ ಕಟ್ಟಡ, ನಡುವೆ ಅಂಗಳ. ಆ ಅಂಗಳವನ್ನು ನೀವು ನೋಡಬೇಕಿತ್ತು! ನಕ್ಷೆ ಬರೆಸಿ ಮಾಡಿಸಿದ್ದು. ಕತ್ತರಿಸಿ ಸಮ ಮಾಡಿದ ಹುಲ್ಲು, ಕೆಂಪು ಹಳದಿ ಎಲೆಯ ಕ್ರೋಟನ್ ಗಿಡಗಳ ಸಾಲು, ಮಧ್ಯೆ ಕಾರಂಜಿ. ಒಂದು ಒಣ ಎಲೆ ಬಿದ್ದರೂ ಮಾಲಿ ಓಡಿಬಂದು ಹೆಕ್ಕುತ್ತಿದ್ದ.

ಆ ನಕ್ಷೆಯಲ್ಲಿ ಕರಿಬೇವಿಗೆ ಮಾತ್ರ ಜಾಗವಿರಲಿಲ್ಲ. ಹಿಂದುಗಡೆ, ನೀರಿನ ಪಂಪಿನ ಕೋಣೆಯ ಪಕ್ಕ, ಒಂದು ಕರಿಬೇವಿನ ಗಿಡ ಧೂಳು ಹಿಡಿದು ನಿಂತಿತ್ತು.

ಸಿಂಗಾರಿ ಎಂಬ ಚಿಟ್ಟೆ ಹುಟ್ಟಿದ್ದು ಆ ಗಿಡದಲ್ಲೇ. ಹುಳುವಾಗಿದ್ದಾಗ ಅದರ ಎಲೆ ತಿಂದೇ ಬೆಳೆದಳು. ಆದರೆ ರೆಕ್ಕೆ ಬಂದು ಅಂಗಳ ನೋಡಿದ ದಿನದಿಂದ, ಹುಟ್ಟಿದ ಜಾಗದ ಹೆಸರೆತ್ತಿದರೆ ಅವಳಿಗೆ ನಾಚಿಕೆ.

ಮೊಟ್ಟೆ ಇಡುವ ಕಾಲ ಬಂತು. ಚಿಟ್ಟೆಯ ಆಯುಸ್ಸಾದರೂ ಎಷ್ಟು? ಹತ್ತು ಹನ್ನೆರಡು ದಿನ. ಅಷ್ಟರೊಳಗೆ ಮಕ್ಕಳ ಮುಖ ನೋಡಬೇಕೆಂದು ಸಿಂಗಾರಿಗೆ ಒಂದೇ ಹಂಬಲ.

"ನನ್ನ ಮಕ್ಕಳು ಕಣ್ಣು ಬಿಟ್ಟರೆ ಕಾರಂಜಿ ಕಾಣಬೇಕು. ಆ ಧೂಳುಮೂಲೆ ಅವರಿಗೆ ಬೇಡ," ಎಂದಳು.

ಗೋಡೆಯ ಮೇಲಿದ್ದ ಅಳಿಲಜ್ಜಿಗೆ ಕೇಳಿಸಿತು. "ಏನೇ ಹುಡುಗಿ, ತಲೆ ನೆಟ್ಟಗಿದೆಯಾ? ಕ್ರೋಟನ್ ಎಲೆಯನ್ನು ನಿನ್ನ ಮಕ್ಕಳು ತಿಂತಾವಾ?"

"ಇಷ್ಟು ಚಂದದ ಎಲೆ ಅಜ್ಜೀ! ರುಚಿ ಇಲ್ಲದೆ ಇರುತ್ತದಾ?"

"ಬೆಳ್ಳಗಿರುವುದೆಲ್ಲ ಹಾಲಲ್ಲ ಕಣೇ."

"ನಿಮಗೆ ಆ ಮೂಲೆಯೇ ಸ್ವರ್ಗ ಬಿಡಿ!" ಸಿಂಗಾರಿ ಮೂಗು ಮುರಿದಳು. ಚಿಟ್ಟೆಗೆ ಮೂಗೆಲ್ಲಿ ಎಂದು ಕೇಳಬೇಡಿ. ಸೊಕ್ಕು ಬಂದರೆ ಎಲ್ಲರಿಗೂ ಮೂಗು ಬರುತ್ತದೆ.

ಕ್ರೋಟನ್ ಎಲೆಗಳ ಮೇಲೆ ಇಪ್ಪತ್ತು ಮೊಟ್ಟೆ ಇಟ್ಟಳು. ಇನ್ನೂ ಒಂದು ಮೊಟ್ಟೆ ಹೊಟ್ಟೆಯಲ್ಲೇ ಉಳಿಯಿತು. ನಾಲ್ಕು ದಿನ ಅಲ್ಲಿಯೇ ಸುತ್ತುತ್ತಾ ಕಾದಳು. ಮೊಟ್ಟೆ ಒಡೆದಾಗ ಅವಳ ಸಂತೋಷ ಹೇಳತೀರದು.

"ಅಮ್ಮಾ, ಹಸಿವು!" ಎಂದವು ಮರಿಹುಳುಗಳು.

"ತಿನ್ನಿ ಮಕ್ಕಳೇ! ನೋಡಿ, ಎಷ್ಟು ಬಣ್ಣ!"

ಕಚ್ಚಿದವು. ಥೂ ಎಂದು ಉಗಿದವು. "ಇದು ಬೇಡ ಅಮ್ಮಾ, ಬೇರೆ ಕೊಡು."

ಸಿಂಗಾರಿ ಕರಿಬೇವಿನ ಗಿಡಕ್ಕೆ ಹಾರಿದಳು. ಆದರೆ ಚಿಟ್ಟೆಯ ಬಾಯಿ ಜೇನು ಹೀರುವ ಕೊಳವೆ, ಎಲೆ ಕೀಳಲು ಹಲ್ಲೆಲ್ಲಿ? ಅಳಿಲಜ್ಜಿಯನ್ನು ಹುಡುಕಿದಳು. ಅಜ್ಜಿ ಅವತ್ತು ಆಚೆ ಕಟ್ಟಡದ ಕಡೆ ಹೋಗಿತ್ತು. ಕೂಗು ಕೇಳಿ ಅದು ಕರಿಬೇವಿನ ಕಡ್ಡಿ ಕಚ್ಚಿಕೊಂಡು ಓಡಿಬರುವಷ್ಟರಲ್ಲಿ ಸಂಜೆಯಾಗಿತ್ತು. ತಿನ್ನಲು ಒಂದು ಮರಿಯೂ ಉಳಿದಿರಲಿಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ಹಾಗಾಯಿತು.

"ನನ್ನನ್ನು ಬೈದುಬಿಡಿ ಅಜ್ಜೀ," ಎಂದು ಸಿಂಗಾರಿ ಅತ್ತಳು.

ಅಜ್ಜಿಗೆ ಬೈಯಲು ಮನಸ್ಸು ಬರಲಿಲ್ಲ. "ಹೊಟ್ಟೆಯಲ್ಲಿ ಇನ್ನೊಂದು ಇದೆಯಲ್ಲೇ. ಹಾರು ಮಗಳೇ, ಬೇಗ!"

ಹಾರಿ ಹಾರಿ ರೆಕ್ಕೆ ಹರಿದಿತ್ತು. ಬಿದ್ದೂ ಎದ್ದೂ ಪಂಪಿನ ಕೋಣೆಯ ಹಿಂದೆ ತಲುಪಿ, ಚಿಗುರೆಲೆಯ ಮೇಲೆ ಕೊನೆಯ ಮೊಟ್ಟೆ ಇಟ್ಟಳು. ಪಕ್ಕದಲ್ಲೇ ಕುಳಿತಳು. ಒಂದು ದಿನ, ಎರಡು ದಿನ, ಮೂರು ದಿನ. ಆ ಮೂರನೆಯ ದಿನ ಅವಳ ಆಯುಸ್ಸು ಮುಗಿಯಿತು.

ನಾಲ್ಕನೆಯ ದಿನ ಮೊಟ್ಟೆ ಒಡೆಯಿತು. ಮರಿಹುಳು ಹೊಟ್ಟೆತುಂಬ ಎಲೆ ತಿಂದು, ಆಮೇಲೆ ಅತ್ತಿತ್ತ ನೋಡಿತು. ಪಕ್ಕದ ಕೊಂಬೆಯಲ್ಲಿ ಅಳಿಲಜ್ಜಿ ಕಾವಲು ಕೂತಿತ್ತು.

"ಅಜ್ಜೀ, ನನ್ನ ಅಮ್ಮ ಎಲ್ಲಿ?"

"ಇಲ್ಲೇ ಕೂತಿದ್ದಳು ಕಂದಾ. ನೀನು ಈಗ ಬರುತ್ತೀಯ, ಆಗ ಬರುತ್ತೀಯ ಅಂತ ನಿನ್ನೆ ಸಂಜೆಯವರೆಗೂ ಕಾದಳು."

ಮರಿ ಅಮ್ಮ ಕೂತಿದ್ದ ಜಾಗದವರೆಗೂ ತೆವಳಿಕೊಂಡು ಹೋಯಿತು. ಆಮೇಲೆ ಕೇಳಿತು: "ಇನ್ನೊಂದು ದಿನ ಇರಬಾರದಿತ್ತಾ?"

ನೀತಿ: ನಮ್ಮ ಕಣ್ಣಿನ ಚಂದ ನೋಡಿ ಮಕ್ಕಳಿಗೆ ಮನೆ ಆರಿಸಬಾರದು, ಅವರ ಹಸಿವು ನೋಡಿ ಆರಿಸಬೇಕು.