ಉಸಿರಿಲ್ಲದ ರಾಚಪ್ಪ ಮತ್ತೆ ಹಾಡಿದ್ದು

ಬಹಳ ಹಿಂದೆ, ಯಾವ ಅರಸನ ಕಾಲವೆಂದು ಕೇಳಿದರೆ ಹಿರಿಯರು ಕೆಮ್ಮಿ ಮಾತು ಬದಲಿಸುವಷ್ಟು ಹಿಂದೆ, ಮುತ್ತಲಗಟ್ಟಿ ಎಂಬ ಊರಿನಲ್ಲಿ ರಾಚಪ್ಪನೆಂಬ ಹಾಡುಗಾರ ಇದ್ದನಂತೆ. ಕೈಯಲ್ಲಿ ದಪ್ಪು ಹಿಡಿದು, ತಾಳಕ್ಕೆ ಮಾತು ಕಟ್ಟಿ, ಮಾತಿನ ಮೇಲೆ ಮಾತು ಪೇರಿಸಿ, ಎದುರಿನವರನ್ನು ಹಾಡಿನಲ್ಲೇ ಕೆಣಕುವ ಗೀಗೀ ಪದದವನು. ಈಗಿನ ಹುಡುಗರು ಟೋಪಿ ಹಿಂದುಮುಂದಾಗಿ ಹಾಕಿಕೊಂಡು ಇದನ್ನೇ ಮಾಡಿ ರ‍್ಯಾಪ್ ಎನ್ನುತ್ತಾರೆ. ರಾಚಪ್ಪ ರುಮಾಲು ಸುತ್ತುತ್ತಿದ್ದ. ಉಳಿದಂತೆ ದೊಡ್ಡ ವ್ಯತ್ಯಾಸವೇನಿಲ್ಲ.

ಅವನು ಹಾಡಲು ನಿಂತರೆ ಗುಬ್ಬಿಗಳು ಕಾಳು ಬಿಟ್ಟು ಕೇಳುತ್ತಿದ್ದವಂತೆ. ಒಮ್ಮೆ ಅವನು ಪದ ಶುರುಮಾಡಿದಾಗ ಒಲೆಯ ಮೇಲಿಟ್ಟ ಹಾಲು, ಪದ ಮುಗಿಯುವಷ್ಟರಲ್ಲಿ ಕಾದು, ಉಕ್ಕಿ, ಆರಿ, ಮೊಸರಾಗಿತ್ತಂತೆ. ಅಷ್ಟು ಹೊತ್ತೂ ಅವನು ಉಸಿರು ತೆಗೆದುಕೊಳ್ಳಲಿಲ್ಲವಂತೆ. ಹೆಪ್ಪು ಯಾರು ಹಾಕಿದರೆಂದು ಕೇಳಬಾರದು. ಅಂದಿನಿಂದ ಅವನಿಗೆ ಉಸಿರಿಲ್ಲದ ರಾಚಪ್ಪ ಎಂದು ಹೆಸರಾಯಿತು. ಹೆಣಕ್ಕೆ ಹೇಳುವ ಮಾತಿನಂತೆ ಕೇಳಿಸುತ್ತದೆ. ಆ ಸೀಮೆಯಲ್ಲಿ ಅದು ಹೊಗಳಿಕೆ.

ಅವನ ಬೆನ್ನ ಹಿಂದೆ ನನ್ನೆಸಾಬ ನಿಲ್ಲುತ್ತಿದ್ದ. ಹತ್ತಿ ಹಿಂಜುವುದು ಅವನ ಕಸುಬು. ಕಸುಬಿಲ್ಲದ ಹೊತ್ತಿನಲ್ಲಿ ಒಂಟಿ ತಂತಿಯ ತುಂತುಣಿ ಹಿಡಿದು ಹಿಮ್ಮೇಳಕ್ಕೆ ಬರುತ್ತಿದ್ದ. ರಾಚಪ್ಪನ ಒಂದೊಂದು ಸಾಲು ಮುಗಿಯುವ ಹೊತ್ತಿಗೆ ‘ಗೀ’ ಎಂದು ಎಳೆಯುವುದು ಅವನ ಕೆಲಸ. ಅವನ ಬಗ್ಗೆ ಯಾವ ಕಥೆಯೂ ಬೆಳೆದಿರಲಿಲ್ಲ. ಗೀ ಎನ್ನುವವನ ಬಗ್ಗೆ ಜನ ಏನೆಂದು ಕಥೆ ಕಟ್ಟಬೇಕು?

ಆಗ ರಾಶಿ ಮುಗಿದ ಮೇಲೆ ಬರಿದಾದ ಕಣದಲ್ಲಿ ಎರಡು ಮೇಳಗಳನ್ನು ಎದುರುಬದುರು ನಿಲ್ಲಿಸಿ ಹಾಡಿಸುವ ಪದ್ಧತಿ ಇತ್ತಂತೆ. ಒಂದು ಮೇಳ ಗಂಡು ಹೆಚ್ಚು ಎನ್ನಬೇಕು. ಇನ್ನೊಂದು ಹೆಣ್ಣು ಹೆಚ್ಚು ಎನ್ನಬೇಕು. ಆ ವಾದ ಇನ್ನೂ ತೀರ್ಮಾನವಾಗಿಲ್ಲ, ಆದ್ದರಿಂದ ಹಾಡು ಉಳಿದಿದೆ. ಹಾಡುತ್ತ ಹಾಡುತ್ತ ಒಬ್ಬರು ಸವಾಲು ಹಾಕಬೇಕು, ಇನ್ನೊಬ್ಬರು ಹಾಡಿನಲ್ಲೇ ಜವಾಬು ಕೊಡಬೇಕು. ಸವಾಲು ಹಾಕಿದವರು ತಮ್ಮ ಸೆರಗಿಗೋ ರುಮಾಲಿನ ತುದಿಗೋ ಒಂದು ಗಂಟು ಹಾಕಿಕೊಳ್ಳುತ್ತಿದ್ದರು. ಜವಾಬು ಬಂದರೆ ಗಂಟು ಬಿಚ್ಚುವುದು. ಬರದಿದ್ದರೆ, ಅದನ್ನು ಹುಡುಕಿ ತರುವವರೆಗೆ ಸೋತವನು ದಪ್ಪು ಮುಟ್ಟುವಂತಿಲ್ಲ.

ಇದು ನೇಮದ ಅರ್ಧ. ಇನ್ನರ್ಧ ಎಲ್ಲರಿಗೂ ಗೊತ್ತಿತ್ತು, ಆದ್ದರಿಂದ ಯಾರೂ ಯಾರಿಗೂ ಹೇಳುತ್ತಿರಲಿಲ್ಲ. ಅದು ಬಳಕೆಗೆ ಬರುವ ಪ್ರಸಂಗವೂ ಇರಲಿಲ್ಲ, ಹಾಡುಗಾರರು ಹೇಗಾದರೂ ಒಂದು ಜವಾಬು ಕಟ್ಟಿಬಿಡುತ್ತಿದ್ದರು. ಹೊತ್ತು ಮುಳುಗುವವರೆಗೆ ಉಳಿದ ಗಂಟನ್ನು ಕಂಡವರೇ ಇರಲಿಲ್ಲ. ಎಂದೂ ಸೋಲದ ರಾಚಪ್ಪನಿಗೆ ಆ ಇನ್ನರ್ಧವನ್ನು ಕೇಳಿ ತಿಳಿಯುವ ಪ್ರಸಂಗವೇ ಬರಲಿಲ್ಲ.

ಹೆಣ್ಣು ಹೆಚ್ಚೆಂದು ಹಾಡುವವರಲ್ಲಿ ಸಾಲಬಾವಿಯ ಫಕೀರವ್ವ ದೊಡ್ಡವಳು. ಅವಳ ನಾಲಿಗೆಗೆ ಹೆದರಿ ಸಾಲಬಾವಿಯ ಹೋರಿಗಳು ಹಾಯುವುದನ್ನು ಬಿಟ್ಟಿದ್ದವೆಂದು ಹೇಳುತ್ತಾರೆ. ಒಂದು ವರ್ಷ ಇಬ್ಬರೂ ಎದುರಾದರು. ರಾಚಪ್ಪ ಗಾಳಿಯ ಬಗ್ಗೆ, ಭೂಮಿಯ ಬಗ್ಗೆ, ಏಳು ಸಮುದ್ರಗಳ ಬಗ್ಗೆ ಬಂದ ಸವಾಲುಗಳಿಗೆಲ್ಲ ಜವಾಬು ಹೇಳಿದ. ಕೊನೆಗೆ ಫಕೀರವ್ವ ತಲೆ ಓರೆ ಮಾಡಿ ಅವನನ್ನೇ ನೋಡಿದಳಂತೆ.

“ಅದೆಲ್ಲ ಇರಲಿ ತಮ್ಮಾ, ನೀ ಹಾಡುವಾಗ ಉಸಿರು ಎಲ್ಲಿ ತಗೋತಿ? ಅದಷ್ಟು ಹೇಳು” ಎಂದು ಸೆರಗಿಗೆ ಗಂಟು ಹಾಕಿದಳು.

ಜನ ನಕ್ಕರು. ರಾಚಪ್ಪನೂ ನಕ್ಕ. ಹಾಡಿಯೇ ತೋರಿಸುತ್ತೇನೆಂದು ಪದ ಎತ್ತಿದ. ಕಣದಲ್ಲಿದ್ದವರೆಲ್ಲ ಅವನು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೆಂದು ಅವನ ಮೂಗನ್ನೇ ನೋಡುತ್ತ ನಿಂತರು. ನನ್ನೆಸಾಬನಿಗೂ ಕುತೂಹಲ. ಅವನು ತುಂತುಣಿ ಮೀಟುವುದನ್ನೂ ಗೀ ಎಳೆಯುವುದನ್ನೂ ಮರೆತು, ಬಾಯಿ ತೆರೆದು ನೋಡುತ್ತ ನಿಂತ. ರಾಚಪ್ಪ ನಾಲ್ಕು ಸಾಲು ದಾಟಲಿಲ್ಲ. ಮುಖ ಕೆಂಪಾಯಿತು, ಕಣ್ಣು ಮೇಲಾಯಿತು, ಕೆಮ್ಮು ಬಂತು. ಉಸಿರಿಲ್ಲದ ರಾಚಪ್ಪ ಉಸಿರುಕಟ್ಟಿ ಕೂತುಬಿಟ್ಟ.

ಗೆದ್ದ ಫಕೀರವ್ವನೂ ನಗಲಿಲ್ಲವಂತೆ. ಅದನ್ನು ಯಾರೂ ಗಮನಿಸಲಿಲ್ಲ.

ಮನೆಗೆ ಹೋಗುವ ದಾರಿಯಲ್ಲಿ ರಾಚಪ್ಪ ನನ್ನೆಸಾಬನನ್ನು ಬೈದನಂತೆ. ಬಾಯಿ ತಕ್ಕೊಂಡು ನಿಂತು ನನ್ನ ಮಾನ ಕಳೆದೆ, ಇನ್ನು ನಿನ್ನ ಸಹವಾಸ ಬೇಡವೆಂದ. ನನ್ನೆಸಾಬ ತಪ್ಪಾಯಿತೆಂದ, ಎರಡು ಸಲ ಹೇಳಿದ. ಮೂರನೆಯ ಸಲ ಹೇಳದೆ ತುಂತುಣಿ ಹೆಗಲಿಗೆ ಹಾಕಿಕೊಂಡು ಹೋದ. ಆಮೇಲೆ ರಾಚಪ್ಪ ಬಾಗಿಲು ಮುಚ್ಚಿ, ದಪ್ಪು ಮುಟ್ಟದೆ, ಬಾಯಲ್ಲೇ ಹಾಡಿ ಉತ್ತರ ಹುಡುಕಿದ. ಒಬ್ಬನೇ ಹಾಡಿದಾಗಲೆಲ್ಲ ಏದುಸಿರು ಬಂತು. ದೇವರು ಕೊಟ್ಟದ್ದನ್ನು ಕಿತ್ತುಕೊಂಡನೆಂದು ತಿಳಿದು ಸುಮ್ಮನಾದ. ದೇವರ ಮೇಲೆ ಹಾಕುವುದು ಹಗುರ, ಅವನು ಎದುರು ಮಾತಾಡುವುದಿಲ್ಲ.

ಹೊಟ್ಟೆಪಾಡಿಗೆ ಅವನು ಕಂಬಾರ ಕಾಳಪ್ಪನ ಕುಲುಮೆಯಲ್ಲಿ ತಿದಿ ಒತ್ತುವ ಕೆಲಸಕ್ಕೆ ಸೇರಿದ. ಆಡಿನ ಚರ್ಮದ ಎರಡು ಚೀಲಗಳು, ಕೈಗೊಂದು. ಒಂದನ್ನು ಒತ್ತಬೇಕು, ಇನ್ನೊಂದನ್ನು ಎತ್ತಬೇಕು. ದಿನಗಳು ಹೋದವು, ವರ್ಷಗಳು ಹೋದವು. ಜನ ಅವನನ್ನು ಮರೆಯಲಿಲ್ಲ, ಇನ್ನೂ ದೊಡ್ಡವನನ್ನಾಗಿ ಮಾಡಿದರು. ಹಾಡದ ಹಾಡುಗಾರ ತಪ್ಪು ಹಾಡುವುದಿಲ್ಲವಲ್ಲ. ಅವನು ಕುಲುಮೆಗೆ ಹೋಗಿದ್ದಾನೆಂದು ಗೊತ್ತಿದ್ದವರೇ, ಹಿಮಾಲಯಕ್ಕೆ ಹೋಗಿದ್ದಾನೆಂದೂ ಹೇಳುತ್ತಿದ್ದರಂತೆ. ಫಕೀರವ್ವ ಊರೂರಲ್ಲಿ ಗೆದ್ದ ಹಾಡು ಹಾಡಿಕೊಂಡು ಮೆರೆಯುತ್ತಿರಬೇಕೆಂದು ರಾಚಪ್ಪ ಅಂದುಕೊಂಡಿದ್ದ. ಯಾರಾದರೂ ಅವಳ ಹೆಸರೆತ್ತಿದರೆ ತಿದಿಯನ್ನು ಜೋರಾಗಿ ಒತ್ತುತ್ತಿದ್ದ. ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ಒಂದು ಬೆಳಿಗ್ಗೆ ನೋಡಿದರೆ ಎಡಗೈಯ ತಿದಿಯನ್ನು ಇಲಿ ಕಡಿದಿತ್ತು. ನೇಗಿಲ ಕುಳ ಕಾಯಿಸುವ ತುರ್ತು. ಕಾಳಪ್ಪ ಒಂದೇ ತಿದಿಯಲ್ಲಿ ಸಾಗಿಸು ಎಂದ. ರಾಚಪ್ಪ ಒತ್ತಿದ, ಬೆಂಕಿ ಎದ್ದಿತು. ಗಾಳಿ ತುಂಬಲು ಚೀಲ ಎತ್ತಿದ, ಬೆಂಕಿ ಕುಸಿಯಿತು. ಮತ್ತೆ ಒತ್ತಿದ, ಎದ್ದಿತು. ಎತ್ತಿದ, ಕುಸಿಯಿತು. ಇಷ್ಟು ವರ್ಷ ಬೆಂಕಿ ಒಮ್ಮೆಯೂ ಕುಸಿಯದೆ ಉರಿದದ್ದನ್ನು ಅವನು ಕಂಡಿದ್ದ. ತಿದಿ ಉಸಿರೆಳೆದುಕೊಳ್ಳುವುದಿಲ್ಲವೆಂದೇ ಬೆಂಕಿ ನಂಬಿತ್ತು. ಒಂದು ಎಳೆದುಕೊಳ್ಳುವಾಗ ಇನ್ನೊಂದು ಊದುತ್ತಿತ್ತು, ಅಷ್ಟೇ.

ರಾಚಪ್ಪನ ಕೈ ನಿಂತಿತು.

“ಏ ರಾಚ್ಯಾ, ಬೆಂಕಿ ಸಾಯಾಕ ಹತ್ತೇತಿ! ದೇವರ ಕಂಡವರಂಗ ನಿಂತೀಯಲ್ಲೋ!” ಎಂದು ಕಾಳಪ್ಪ ಕೂಗಿದ.

“ದೇವರಲ್ಲ ಮಾವಾ, ನನ್ನೆಸಾಬನ್ನ ಕಂಡೆ” ಎಂದನಂತೆ ರಾಚಪ್ಪ.

ಕಾಳಪ್ಪ ಹೊರಗೆ ಇಣುಕಿ ನೋಡಿದ. ಅಲ್ಲಿ ಯಾರೂ ಇರಲಿಲ್ಲ. ಕಾವು ತಲೆಗೇರಿದೆ ಎಂದುಕೊಂಡು ಒಂದು ತಂಬಿಗೆ ನೀರು ಕೊಟ್ಟ.

ಅಂದಿನಿಂದ ರಾಚಪ್ಪನ ಬಾಯಲ್ಲಿ ಪದಗಳು ಹುಟ್ಟತೊಡಗಿದವಂತೆ. ಕುಲುಮೆಯಲ್ಲಿ ಏನು ತಯಾರಾದರೂ ಅದಕ್ಕೊಂದು ಪದ. ನೇಗಿಲ ಕುಳದ ಪದ, ಕುಡುಗೋಲಿನ ಪದ, ಎತ್ತಿನ ಲಾಳದ ಪದ, ಬಾಗಿಲ ಚಿಲಕದ ಪದ. ಒಂದು ಪದ ಮುಗಿದ ಮಾತಿನಿಂದಲೇ ಇನ್ನೊಂದು ಶುರುವಾಗುತ್ತಿತ್ತು. ಅದಕ್ಕೆ ಕುಲುಮೆ ಸರಪಳಿ ಎಂದು ಹೆಸರು. ಈಗಿನವರು ಆಲ್ಬಂ ಎನ್ನುತ್ತಾರೆ. ಪ್ರತಿ ಸಾಲಿನ ಕೊನೆಗೆ ಅವನು ಸ್ವಲ್ಪ ಜಾಗ ಬಿಟ್ಟಿದ್ದ. ಜಾಗ ಖಾಲಿ ಇತ್ತು. ತುಂಬುವವನು ಬೇರೆ ಊರಿನಲ್ಲಿ ಹತ್ತಿ ಹಿಂಜುತ್ತಿದ್ದ.

ರಾಚಪ್ಪ ಹೋಗಿ ಅವನ ಬಾಗಿಲಲ್ಲಿ ನಿಂತ. ಅಲ್ಲಿಯವರೆಗೆ ಅವನು ನನ್ನೆಸಾಬನನ್ನು ನನ್ನ್ಯಾ ಎಂದೇ ಕರೆದವನು.

“ನನ್ನೆಸಾಬಣ್ಣ” ಎಂದ.

ನನ್ನೆಸಾಬ ತಲೆ ಎತ್ತಲಿಲ್ಲ. ಹತ್ತಿ ಹಿಂಜುವ ಬಿಲ್ಲಿನ ದಾರ ಟುಂಯ್ ಟುಂಯ್ ಎನ್ನುತ್ತಲೇ ಇತ್ತು. ಹತ್ತಿ ಹಾರಿ ಹಾರಿ ರಾಚಪ್ಪನ ಮೀಸೆಗೆ ಕೂತಿತು. ಆ ಮೀಸೆ ನೋಡಿ ನನ್ನೆಸಾಬ ನಕ್ಕನಂತೆ, ನಗಬಾರದೆಂದುಕೊಂಡವನು.

“ಅಣ್ಣ ಯಾವಾಗ ಆದ್ನೋ ನಾನು?”

“ಇಲಿ ತಿದಿ ಕಡಿದಾಗಿಂದ” ಎಂದು ರಾಚಪ್ಪ ನಡೆದದ್ದನ್ನೆಲ್ಲ ಹೇಳಿದ. ನಾನು ಉಸಿರು ತೆಗೆದುಕೊಳ್ಳುತ್ತಿದ್ದದ್ದು ನಿನ್ನ ಗೀಯ ಮರೆಯಲ್ಲಿ, ನಿನ್ನನ್ನು ಓಡಿಸಿ ಉಸಿರು ಹುಡುಕಿದೆ ಎಂದ.

ನನ್ನೆಸಾಬ ಬಿಲ್ಲನ್ನು ಕೆಳಗಿಟ್ಟ. “ಹಂಗಾರ ಲಗೂನ ಹೋಗೂಣು ನಡಿ. ಫಕೀರವ್ವನ ಹಲ್ಲು ಬೀಳಾಕ ಹತ್ಯಾವು.”

ಅವಳ ಹಲ್ಲಿಗೂ ನನಗೂ ಏನು ಸಂಬಂಧವೆಂದು ರಾಚಪ್ಪ ಕೇಳಿದ. ಆಗ ನನ್ನೆಸಾಬ ನೇಮದ ಇನ್ನರ್ಧವನ್ನು ಹೇಳಿದನಂತೆ. ಗಂಟು ಬಿಚ್ಚುವವರೆಗೆ ಸೋತವನಷ್ಟೇ ಅಲ್ಲ, ಗಂಟು ಹಾಕಿದವಳೂ ಹಾಡುವಂತಿಲ್ಲ. ಹಗೆ ತೀರಿಸಲು ಯಾರೂ ಬೇಕೆಂದೇ ಉತ್ತರವಿಲ್ಲದ್ದನ್ನು ಕೇಳಬಾರದೆಂದು ಹಿಂದಿನವರು ಮಾಡಿದ ಕಟ್ಟಲೆ ಅದು. ರಾಚಪ್ಪ ಬಾಯಿ ಮುಚ್ಚಿದ ದಿನವೇ ಫಕೀರವ್ವನ ಬಾಯೂ ಮುಚ್ಚಿತ್ತು. ಉಟ್ಟ ಸೀರೆ ಹರಿದಾಗ ಗಂಟಿನ ತುದಿಯನ್ನು ಕತ್ತರಿಸಿ ಮುಂದಿನ ಸೀರೆಗೆ ಹೊಲಿದುಕೊಳ್ಳುತ್ತಿದ್ದಳು. ಸೋತ ಸಿಟ್ಟಿಗೆ ರಾಚಪ್ಪ ಬೇಕೆಂದೇ ಬರುತ್ತಿಲ್ಲ, ತನ್ನನ್ನು ಮೂಕಿ ಮಾಡಿ ಕೂರಿಸಿದ್ದಾನೆ ಎಂದು ಅವಳು ತಿಳಿದಿದ್ದಳು.

“ನನಗ ಯಾರೂ ಹೇಳಲೇ ಇಲ್ಲಲ್ಲೋ!” ಎಂದ ರಾಚಪ್ಪ.

“ಎಲ್ಲಾರಿಗೂ ಗೊತ್ತಿರೋದನ್ನ ಯಾರು ಹೇಳ್ತಾರ?” ಎಂದ ನನ್ನೆಸಾಬ.

ಆ ಮಾತಿಗೆ ಜವಾಬು ಕೊಡಲು ರಾಚಪ್ಪನಿಗೆ ಆಗಲಿಲ್ಲ. ಪುಣ್ಯಕ್ಕೆ ನನ್ನೆಸಾಬ ಗಂಟು ಹಾಕಿರಲಿಲ್ಲ.

ರಾಶಿ ಮುಗಿದ ಹೊತ್ತು ನೋಡಿ ಇಬ್ಬರೂ ಸಾಲಬಾವಿಯ ಕಣಕ್ಕೆ ಹೋದರು. ಹಿಂದೆ ಕಾಳಪ್ಪನೂ ಬಂದ. ತಿದಿ ಒತ್ತುವವನಿಲ್ಲದೆ ಕುಲುಮೆಯಲ್ಲಿ ಕೂತು ಮಾಡುವುದೇನು? ಉಸಿರಿಲ್ಲದ ರಾಚಪ್ಪ ಹಿಮಾಲಯದಿಂದ ಬಂದನಂತೆ ಎಂದು ಸುತ್ತಲಿನ ಊರಿನವರೆಲ್ಲ ಕಣದ ಸುತ್ತ ಸೇರಿದರು. ಫಕೀರವ್ವ ಬಂದು ಎದುರು ಕೂತಳು. ಕೂದಲು ಹಣ್ಣಾಗಿತ್ತು, ಮುಂದಿನ ಹಲ್ಲುಗಳಲ್ಲಿ ಸಂದು ಬಿದ್ದಿತ್ತು. ಸೆರಗಿನ ತುದಿಯಲ್ಲಿ ಬೇರೆ ಬಣ್ಣದ ತುಂಡು, ತುಂಡಿನಲ್ಲಿ ಗಂಟು.

ರಾಚಪ್ಪ ಬಟ್ಟೆ ಸುತ್ತಿ ತಂದಿದ್ದ ದಪ್ಪನ್ನು ಬಿಚ್ಚದೆ, ಬರಿಬಾಯಲ್ಲಿ ಹಳೆಯ ಪದವೊಂದನ್ನು ಎತ್ತಿದ. ನನ್ನೆಸಾಬನಿಗೆ ಸುಮ್ಮನಿರಲು ಹೇಳಿದ್ದ. ಸಾಲಿನ ಕೊನೆಗೆ ರಾಚಪ್ಪ ಉಸಿರೆಳೆದುಕೊಂಡದ್ದು ಕಣದ ಆ ತುದಿಯಲ್ಲಿ ಕೂತ ಕಿವುಡನಿಗೂ ಕೇಳಿಸಿತಂತೆ. ಆಮೇಲೆ ಅದೇ ಪದವನ್ನು ಮತ್ತೆ ಎತ್ತಿದ. ಈ ಸಲ ಸಾಲಿನ ತುದಿಗೆ ನನ್ನೆಸಾಬ ಗೀ ಎಂದು ಎಳೆದ. ಪದ ಎಲ್ಲೂ ತುಂಡಾಗದೆ ಕೊನೆಯವರೆಗೆ ಹೋಯಿತು. ಉಸಿರೆಳೆದದ್ದು ಯಾರಿಗೂ ಕೇಳಿಸಲಿಲ್ಲ.

“ಇಲ್ಲಿ ತಗೋತಿದ್ದೆ ಅಕ್ಕಾ” ಎಂದು ರಾಚಪ್ಪ ನನ್ನೆಸಾಬನ ಕಡೆ ಕೈ ತೋರಿಸಿದ. “ನನಗೇ ಗೊತ್ತಿರಲಿಲ್ಲ.”

“ನನಗೂ ಗೊತ್ತಿರಲಿಲ್ಲ ತಮ್ಮಾ” ಎಂದಳಂತೆ ಫಕೀರವ್ವ. “ಸೋಲಿಸಾಕ ಕೇಳಿದ್ದಲ್ಲ. ಕಲಿಬೇಕಂತ ಕೇಳಿದ್ದೆ. ಕಣದಾಗ ಕೇಳಿದೆ ನೋಡು, ಚಾಳಿಮ್ಯಾಲೆ ಗಂಟು ಹಾಕಿಬಿಟ್ಟೆ. ಮನೀಗೆ ಬಂದು ಕೇಳಬೇಕಿತ್ತು.”

ಅವಳು ಗಂಟು ಬಿಚ್ಚಲು ಹೋದಳು. ಬಿಚ್ಚಲಿಲ್ಲ. ವರ್ಷಗಳ ಬೆವರು ಕುಡಿದು ಅದು ಹುಣಸೆ ಬೀಜದಂತಾಗಿತ್ತು. ಹಲ್ಲು ಹಚ್ಚಿದಳು, ಹಲ್ಲು ಅಲುಗಿತು. ಹೆಂಗಸರು ಪ್ರಯತ್ನಿಸಿದರು, ಗೌಡರು ಪ್ರಯತ್ನಿಸಿದರು. ಕತ್ತರಿಸಿಬಿಡಿ ಎಂದರು ಕೆಲವರು. ಕತ್ತರಿಸಿದ್ದು ಬಿಚ್ಚಿದ ಹಾಗಲ್ಲವೆಂದು ಇನ್ನು ಕೆಲವರು ತಗಾದೆ ತೆಗೆದರು. ಕೊನೆಗೆ ಕಾಳಪ್ಪ ಸೊಂಟದಿಂದ ಸಣ್ಣ ಚಿಮಟ ತೆಗೆದು, ಲಾಳದ ಮೊಳೆ ಕೀಳುವವನಂತೆ ಮೊಣಕಾಲೂರಿ ಕೂತು ಎಳೆ ಎಳೆಯಾಗಿ ಬಿಡಿಸಿದನಂತೆ.

ಗಂಟು ಬಿಚ್ಚಿತು. ರಾಚಪ್ಪನ ಸರಪಳಿ ಕೇಳಲು ಜನ ಕುತ್ತಿಗೆ ಚಾಚಿದರು. ರಾಚಪ್ಪ ದಪ್ಪನ್ನು ಬಟ್ಟೆಯಿಂದ ತೆಗೆದು, ಹಣೆಗೆ ಒತ್ತಿ, ಫಕೀರವ್ವನ ಕೈಗೆ ಕೊಟ್ಟ.

“ಮೊದಲು ನೀನಕ್ಕಾ.”

ಫಕೀರವ್ವ ಎದ್ದು ನಿಂತಳು. ಮೊದಲ ಸಾಲು ಬಿರುಕುಬಿಟ್ಟಿತು. ಎರಡನೆಯದರಲ್ಲಿ ಮಾತು ಹಲ್ಲಿನ ಸಂದಿನಿಂದ ಜಾರಿತು. ಮೂರನೆಯದರ ನಡುವೆ ಉಸಿರು ಸಾಲದೆ ಅವಳು ನಿಂತಾಗ, ಅವಳ ಬೆನ್ನ ಹಿಂದಿನಿಂದ ಗೀ ಎಂದು ಒಂದು ದನಿ ಎದ್ದಿತು. ಜನ ನನ್ನೆಸಾಬನನ್ನು ನೋಡಿದರು. ನನ್ನೆಸಾಬ ತುಂತುಣಿ ಮೀಟುತ್ತಿದ್ದ, ಬಾಯಿ ಮುಚ್ಚಿತ್ತು. ಗೀ ಎಂದವನು ರಾಚಪ್ಪ. ಅವನು ಯಾವಾಗ ಹಿಂದೆ ಹೋಗಿ ನಿಂತನೋ ಯಾರೂ ಕಂಡಿರಲಿಲ್ಲ. ಆ ಗೀಯ ಮರೆಯಲ್ಲಿ ಫಕೀರವ್ವ ಉಸಿರು ತುಂಬಿಕೊಂಡಳು. ಆಮೇಲೆ ಅವಳು ನಿಲ್ಲಲಿಲ್ಲ. ಇಷ್ಟು ವರ್ಷ ಕೂಡಿಟ್ಟ ಸವಾಲುಗಳನ್ನೆಲ್ಲ ಒಂದೊಂದಾಗಿ ಹಾಡಿದಳು, ಎದುರಿನ ಸಾಲಿನಲ್ಲಿ ಕೂತ ಗಂಡಸರು ಹಿಂದಿನ ಸಾಲಿಗೆ ಸರಿದರಂತೆ.

ರಾಚಪ್ಪನ ಸರಪಳಿ ಆಮೇಲೆ ಬಂತು. ಚೆನ್ನಾಗಿತ್ತು, ಆದರೆ ಮೊದಲಿನಂಗಿಲ್ಲ ಎಂದರು ಜನ. ಮೊದಲಿನದನ್ನು ಕೇಳಿರದವರೂ ಹಾಗೇ ಅಂದರು. ಹಾಗನ್ನುತ್ತಲೇ ಮನೆಗೆ ಹೋಗುವಾಗ ಚಿಲಕದ ಪದವನ್ನು ಗುನುಗಿದರು.

ರಾಚಪ್ಪ ಹೋದ, ಫಕೀರವ್ವ ಹೋದಳು, ನನ್ನೆಸಾಬನೂ ಹೋದ. ಆ ಸೀಮೆಯಲ್ಲಿ ಇಂದಿಗೂ ಹಾಡು ಬಿಟ್ಟಿದ್ದವನು ಮತ್ತೆ ಹಾಡಲು ಬಂದರೆ, ಅವನು ಮೊದಲು ಇನ್ನೊಬ್ಬರ ಹಿಂದೆ ನಿಂತು ಗೀ ಎನ್ನಬೇಕು. ಮೈಕು ಹಿಡಿದು ಬರುವ ಟೋಪಿಯ ಹುಡುಗರಿಗೂ ವಿನಾಯಿತಿ ಇಲ್ಲ. ಅವರು ಅದನ್ನು ಮೈಕು ಪರೀಕ್ಷೆ ಎಂದುಕೊಳ್ಳುತ್ತಾರೆ. ಇರಲಿ, ಗೀ ಎಂದರೆ ಸಾಕು.

ಸಾಲಬಾವಿಯ ಹೆಂಗಸರು ಈಗಲೂ ಸವಾಲು ಹಾಕಿ ಸೆರಗಿಗೆ ಗಂಟು ಕಟ್ಟುತ್ತಾರೆ. ಹೊತ್ತು ಮುಳುಗುವುದರೊಳಗೆ ಜವಾಬು ಬರದಿದ್ದರೆ, ಮರುದಿನ ರೊಟ್ಟಿ ಕಟ್ಟಿಕೊಂಡು ಸೋತವನ ಮನೆಗೇ ಹೋಗಿ, ಜವಾಬು ಎಲ್ಲಿಯವರೆಗೆ ಬಂತು ತಮ್ಮಾ ಎಂದು ವಿಚಾರಿಸುತ್ತಾರೆ. ಗಂಟನ್ನೂ ಸಡಿಲವಾಗಿಯೇ ಹಾಕುತ್ತಾರೆ, ಒಂದೇ ಎಳೆತಕ್ಕೆ ಬಿಚ್ಚುವ ಹಾಗೆ.