ನಡುಘಟ್ಟದ ಉಪ್ಪು

"ಇಬ್ಬರು ಮಾತಾಡಿದರು. ಇಬ್ಬರೂ ಹೇಳಿದ್ದು ಅಪ್ಪಟ ನಿಜ. ಆ ನಿಜವನ್ನು ನಂಬಿ ಇಬ್ಬರೂ ಕೆಟ್ಟರು. ಹಾಗಾದರೆ ಸುಳ್ಳು ಎಲ್ಲಿಂದ ಬಂತು? ಹೇಳು ನೋಡೋಣ."

ಹಾಲಪ್ಪ ತಲೆ ಕೆರೆದುಕೊಂಡ. ಅವನು ಕೇಳಿದ್ದೇ ಒಂದು, ಗುರುಗಳು ಕೊಟ್ಟಿದ್ದೇ ಇನ್ನೊಂದು. ಅನ್ನ ಬೇಡಿದವನ ಕೈಗೆ ಒನಕೆ ಕೊಟ್ಟ ಹಾಗಾಯಿತು.

ಅವನ ಪ್ರಶ್ನೆ ಇಷ್ಟೇ. ಮಠ ಇದ್ದದ್ದು ಬೆಟ್ಟದ ಮೇಲೆ, ಅವನ ಅಣ್ಣನ ಮನೆ ಕೆಳಗೆ ಬಯಲಿನಲ್ಲಿ. ಹಿಂದೆ ಹಾಲಪ್ಪ ಸುಗ್ಗಿಯ ನಡುವೆ ಹೇಳದೆ ಕೇಳದೆ ಬಂದು ಮಠ ಸೇರಿದಾಗ, "ಇನ್ನು ಈ ಹೊಸ್ತಿಲು ತುಳಿಯಬೇಡ" ಎಂದು ಅಣ್ಣ ಹೇಳಿ ಕಳಿಸಿದ್ದ. ಆಮೇಲೆ ಅವ್ವ ತೀರಿಕೊಂಡಳು. ಈಗ ನಾಳೆಯೇ ಮಹಾಲಯ ಅಮಾವಾಸ್ಯೆ. ಅಣ್ಣನ ಪಕ್ಕ ಕೂತು ಅವ್ವನಿಗೆ ಎಡೆ ಇಡಬೇಕು ಎಂಬುದು ಹಾಲಪ್ಪನ ಆಸೆ. ಆದರೆ ಬಯಲಿನಿಂದ ಬಂದ ಒಬ್ಬ, "ನಿಮ್ಮಣ್ಣ ನಿನ್ನ ಕಾಲು ಮುರೀತೀನಿ ಅಂತ ಕೂತವ್ನೆ ಕಣಯ್ಯ" ಎಂದ. ಮರುದಿನ ಬಂದ ಮುದುಕಿ, "ನಿನ್ನ ಹೆಸರೆತ್ತಿ ಕಣ್ಣೀರು ಹಾಕ್ತಾನಪ್ಪ" ಎಂದಳು. ಮುದುಕಿಯ ಮಾತು ಕೇಳಿ ಹೊರಡುವುದು, ಮೆಟ್ಟಿಲ ಮೇಲೆ ಇನ್ನೊಬ್ಬನ ಮಾತು ಕೇಳಿ ಹಿಂತಿರುಗುವುದು. ಹಾಲಪ್ಪನ ಬಟ್ಟೆಯ ಗಂಟು ಕಟ್ಟಿ ಬಿಚ್ಚಿ ಹರಿಯುವ ಹಾಗಾಗಿತ್ತು.

"ಗುರುಗಳೇ, ಯಾರ ಮಾತು ನಂಬಲಿ? ಯಾವಾಗ ಹೋಗಲಿ?" ಎಂದು ಅವನು ಕೇಳಿದ್ದ. ಅದಕ್ಕೆ ಸಿಕ್ಕಿದ್ದು ಈ ಒಗಟು.

"ಸೋತೆ ಅನ್ನುತ್ತೀಯೋ?"

"ಸೋತೆ, ಗುರುಗಳೇ."

"ಹಾಗಾದರೆ ಕೇಳು" ಎಂದು ಗುರುಗಳು ಕತೆ ತೊಡಗಿದರು.

ಒಬ್ಬ ಉಪ್ಪಿನ ವ್ಯಾಪಾರಿ ಎತ್ತುಗಳ ಮೇಲೆ ಉಪ್ಪು ಹೇರಿಕೊಂಡು ಬಯಲಿನಿಂದ ಘಟ್ಟ ಹತ್ತುತ್ತಿದ್ದ. ಮೇಲೆ ಅವನ ಅಕ್ಕನ ಊರು. ಮಳೆಗಾಲ ಕಳೆಯುವಷ್ಟರಲ್ಲಿ ಆ ಊರಿನ ಉಪ್ಪಿನ ಮಡಕೆಗಳೆಲ್ಲ ಬರಿದಾಗಿದ್ದವು. ಸಪ್ಪೆ ಗಂಜಿ ಕಂಡರೆ ಮಕ್ಕಳು ಓಡಿಹೋಗುತ್ತಿದ್ದವು. ಮಳೆ ಹಿಂದೆಗೆದ ಕೂಡಲೇ ಉಪ್ಪು ತರುತ್ತೇನೆಂದು ಅವನು ಅಕ್ಕನಿಗೆ ಮಾತು ಕೊಟ್ಟಿದ್ದ.

ಅದು ಭಾದ್ರಪದದ ಹವೆ. ಮಳೆ ಹೋಗಿಯೂ ಹೋಗಿಲ್ಲ, ಬಿಸಿಲು ಬಂದೂ ಬಂದಿಲ್ಲ. ಬೆಳಗ್ಗೆ ಪಡುವಣದಿಂದ ಬೀಸಿದ ಗಾಳಿ ಮಧ್ಯಾಹ್ನಕ್ಕೆ ಮೂಡಣದಿಂದ ಬೀಸುತ್ತಿತ್ತು.

ನಡುಘಟ್ಟದ ಮಂಟಪದಲ್ಲಿ ಅವನಿಗೆ ಮೇಲಿನಿಂದ ಇಳಿದು ಬಂದ ಬೆಲ್ಲದ ವ್ಯಾಪಾರಿಯೊಬ್ಬ ಎದುರಾದ. ಉಪ್ಪೂ ಬೆಲ್ಲವೂ ನೀರಿಗೆ ಹೆದರುವ ಜಾತಿ.

"ಮೇಲೆ ಹೇಗಿದೆಯಪ್ಪಾ ಹವೆ?" ಎಂದು ಉಪ್ಪಿನವನು ಕೇಳಿದ.

"ಫಳಫಳ ಬಿಸಿಲು. ಕೆಳಗೆ?"

"ಅಯ್ಯೋ, ಬಿರುಗಾಳಿ, ಅದರ ಬೆನ್ನಿಗೇ ಮಳೆ. ಇಳಿಯಬೇಡ ಮಾರಾಯಾ."

ಉಪ್ಪಿನವನು ಹಿಗ್ಗಿನಿಂದ ಮೇಲಕ್ಕೆ ನಡೆದ. ಅಷ್ಟರಲ್ಲಿ ಗಾಳಿ ತಿರುಗಿ, ಬಯಲಿನ ಮೋಡಗಳನ್ನೆಲ್ಲ ಬೆಟ್ಟಕ್ಕೆ ಅಟ್ಟಿತ್ತು. ಮಳೆ ಹಿಡಿಯಿತು. ಒಂದು ಎತ್ತಿನ ಹೇರು ಪೂರಾ ಕರಗಿತು. ಅವನು ಬೈಯುತ್ತ ಮಂಟಪಕ್ಕೆ ಹಿಂತಿರುಗಿದ. ಬೆಲ್ಲದವನು ಕೆಳಗಿನ ಮಳೆಗೆ ಹೆದರಿ ಅಲ್ಲೇ ಕೂತಿದ್ದ. ಈಗ ಮಂಜು ಸರಿದಾಗ ನೋಡಿದರೆ ಕೆಳಗೆ ಬಯಲಿಡೀ ಬಿಸಿಲು ಬೆಳಗುತ್ತಿತ್ತು. ಮಂಟಪದ ತೇವಕ್ಕೆ ಅವನ ಬೆಲ್ಲ ಬೆವರಿ, ಇರುವೆಗಳು ಮುತ್ತಿದ್ದವು.

"ಎಲ್ಲಯ್ಯಾ ನಿನ್ನ ಫಳಫಳ ಬಿಸಿಲು? ಬಾಯಿ ಬಿಟ್ಟರೆ ಬರೀ ಸುಳ್ಳಾ?"

"ನಿನ್ನ ಮಳೆ ಎಲ್ಲಿ ಸುರೀತು, ಅದು ಹೇಳು ಮೊದಲು! ನಿನ್ನ ನಂಬಿ ಇರುವೆಗಳಿಗೆ ಹಬ್ಬದೂಟ ಹಾಕಿದೆ."

ಗಂಟಲು ಒಣಗುವವರೆಗೆ ಬೈದಾಡಿದರು. ಬೈಗುಳ ಮುಗಿದ ಮೇಲೆ ನಿಜ ಕಂಡಿತು. ಉಪ್ಪಿನವನು ಘಟ್ಟ ಹತ್ತುವಾಗ ಅವನ ಬೆನ್ನ ಹಿಂದೆ ಕೆಳಗೆ ಮಳೆಯೇ ಇತ್ತು. ಬೆಲ್ಲದವನು ಹೊರಟಾಗ ಮೇಲೆ ಬಿಸಿಲೇ ಇತ್ತು. ಇಬ್ಬರೂ ಹೊತ್ತು ತಂದ ನಿಜ ದಾರಿಯಲ್ಲೇ ಹಳಸಿತ್ತು.

ಆಗ ಉಪ್ಪಿನವನ ಕಣ್ಣು ಎತ್ತಿನ ಮೇಲೆ ಬಿತ್ತು. ಎತ್ತು ಬಲು ಖುಷಿಯಿಂದ ನೆಲ ನೆಕ್ಕುತ್ತಿತ್ತು. ಮಂಟಪದೊಳಗೆ ಮಳೆಯಿಲ್ಲ, ಆದರೂ ಚೀಲಗಳ ತಳದಿಂದ ಉಪ್ಪುನೀರು ತೊಟ್ಟಿಕ್ಕುತ್ತಿತ್ತು. ನಡೆದರೆ ಕರಗೀತು ಎಂದು ಅವನು ಕೂತಿದ್ದ, ಕೂತಲ್ಲೇ ಅದು ಕರಗುತ್ತಿತ್ತು.

ಅವನು ಎದ್ದ. ಮೈಮೇಲಿನ ಕಂಬಳಿ ತೆಗೆದು ಚೀಲಗಳಿಗೆ ಹೊದಿಸಿ ಬಿಗಿದ.

"ಏ, ತಡಿಯೋ! ಮೇಲಿಂದ ಯಾರೋ ಇಳೀತಿದ್ದಾರೆ. ಹವೆ ಕೇಳ್ಕೊಂಡು ಹೋಗು!" ಎಂದು ಬೆಲ್ಲದವನು ಕೂಗಿದ.

"ನನ್ನ ದಾರಿ ಕಾಯ್ತಿರೋಳು ನನ್ನಕ್ಕ ಕಣಯ್ಯಾ, ಮೋಡ ಅಲ್ಲ" ಎಂದ ಉಪ್ಪಿನವನು ರುಮಾಲಿನ ಚುಂಗು ಹರಿದು ಎರಡೂ ಕಿವಿಗೆ ತುರುಕಿಕೊಂಡ.

ದಾರಿಯಲ್ಲಿ ಬಿಸಿಲು ಬಂತು, ಮಳೆ ಬಂತು, ಕೈ ಕಾಣದಷ್ಟು ಮಂಜು ಬಂತು. ಎತ್ತು ಜಾರಿದ ಕಡೆ ಹೆಗಲು ಕೊಟ್ಟ. ಗಾಳಿ ಹಿಂದಕ್ಕೆ ತಳ್ಳಿದ ಕಡೆ ತಲೆ ತಗ್ಗಿಸಿ ನಡೆದ. ಸಂಜೆಗೆ ಅಕ್ಕನ ಅಂಗಳದಲ್ಲಿ ಚೀಲ ಇಳಿಸಿದಾಗ ಅವು ಸೊರಗಿದ ಹಸುವಿನ ಹೊಟ್ಟೆಯ ಹಾಗಿದ್ದವು.

"ಇಷ್ಟೇ ಉಳೀತೇನೋ ತಮ್ಮಾ?"

"ಇಷ್ಟೇ ಅಕ್ಕಾ."

ಅಕ್ಕ ಒಂದು ಚಿಟಿಕೆ ತೆಗೆದು ಗಂಜಿಗೆ ಹಾಕಿದಳು. ಮಕ್ಕಳನ್ನು ಕೂಗಿದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಹಾಲಪ್ಪನಿಗೆ ತಡೆಯಲಾಗಲಿಲ್ಲ.

"ಮಕ್ಕಳು ಉಂಡವೇ, ಗುರುಗಳೇ?"

"ಮಂಟಪದವರೆಗಿನದು ನಾನು ಕೇಳಿದ ಕತೆ, ಅವನು ಎದ್ದ ಮೇಲಿನದು ನಾನೇ ಕಟ್ಟಿದ್ದು, ನಿಜವಾದ ಕೊನೆಯನ್ನು ನಾಳೆ ನಿಮ್ಮಣ್ಣನ ಮನೆಯಿಂದ ನೀನೇ ತಂದು ಹೇಳು."

ಹಾಲಪ್ಪ ಎದ್ದ. ಗೂಟದ ಮೇಲಿದ್ದ ಕಂಬಳಿ ತೆಗೆದುಕೊಂಡ.